ಹೊನ್ನಾರಿನೊಳಗೆ ಚಿಗುರಬೇಕು

ಸಂಕ್ರಾಂತಿ ಕಳೆದ ಐದನೆಯ ದಿನ ಸೇಬಿನ ಗಿಡಗಳು ಬಂದವು. ಗಿಡ ಅನ್ನುತ್ತಿದ್ದವಳು ನಾನೊಬ್ಬಳೇ. ಮನೆಯವರೆಲ್ಲ ಅವನ್ನು ಕಡ್ಡಿ ಅಂತಲೇ ಕರೆದರು, ನೋಡಿದರೆ ಅವರದೂ ತಪ್ಪಲ್ಲ. ಹಾಸನದ ಪಾರ್ಸೆಲ್ ಆಫೀಸಿನಿಂದ ನನ್ನ ಗಂಡ ಬೈಕಿಗೆ ಕಟ್ಟಿಕೊಂಡು ತಂದ ಉದ್ದನೆಯ ಕಟ್ಟು ಅದು. ಬಿಚ್ಚಿದರೆ ಪ್ಲಾಸ್ಟಿಕ್ಕು, ಅದರೊಳಗೆ ಗೋಣಿ, ಗೋಣಿಯೊಳಗೆ ಒದ್ದೆ ಪಾಚಿ, ಪಾಚಿಯೊಳಗೆ ಹದಿನೆಂಟು ಕೋಲು. ಒಂದಕ್ಕೂ ಎಲೆಯಿಲ್ಲ. ಬುಡದಲ್ಲಿ ಹಿಡಿ ಮಣ್ಣಿಲ್ಲ. ಬೋಳು ಬೇರುಗಳು ಮಾತ್ರ, ಹಳೆಯ ಪೊರಕೆಯ ಹಾಗೆ. ಜೊತೆಗೆ ಹಿಂದಿಯಲ್ಲಿ ಅಚ್ಚು ಹಾಕಿದ ಒಂದು ಚೀಟಿ.

ನನ್ನ ಓರಗಿತ್ತಿ, ಅಂದರೆ ಭಾವನವರ ಹೆಂಡತಿ, ಒಂದು ಕೋಲನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರು ಚನ್ನರಾಯಪಟ್ಟಣದ ಕಡೆಯವರು. ಅವರ ಲೆಕ್ಕದಲ್ಲಿ ಮರ ಅಂದರೆ ತೆಂಗು, ಉಳಿದದ್ದೆಲ್ಲ ಬೇಲಿ.

"ಇದ್ಯಾಕಮ್ಮಿ, ಒಲೆಗಿಕ್ಕಕ್ಕೆ ತರ್ಸಿದ್ಯಾ?"

"ಸೇಬು ಕಣಕ್ಕ. ಚಳಿಗಾಲದಲ್ಲಿ ಎಲೆ ಉದುರ್ಸ್ಕಂಡು ನಿದ್ದೆ ಮಾಡ್ತವಂತೆ. ಈಗ ನೆಟ್ರೆ ಬೇಸಿಗೆ ಸುರುವಿಗೆ ಏಳ್ತವೆ."

"ನಿದ್ದೇನೋ, ಸತ್ತೇ ಓಗವ್ಯೋ, ಯಾರಿಗ್ ಗೊತ್ತು?"

ನಮ್ಮೂರು ಹಾಸನಕ್ಕೂ ಕೊರವಂಗಲಕ್ಕೂ ನಡುವೆ ಇದೆ. ಮನೆಯ ಜಮೀನೆಲ್ಲ ಒಟ್ಟಿಗೇ ಇದೆ, ಅದನ್ನು ನೋಡಿಕೊಳ್ಳುವವರು ಭಾವ. ನನ್ನ ಗಂಡ ಹಾಸನದಲ್ಲಿ ಶಾಲೆಯ ವ್ಯಾನು ಓಡಿಸುತ್ತಾರೆ. ಜಮೀನಿನ ಏನು ಕೇಳಿದರೂ "ಅಣ್ಣನ್ನ ಕೇಳು" ಅನ್ನುವುದು ಅವರ ಉತ್ತರ. ಈ ಮನೆಗೆ ಬಂದು ಇಪ್ಪತ್ತಾರು ವರ್ಷ ನಾನು ಕಳೆ ಕಿತ್ತಿದ್ದೇನೆ, ಬಿತ್ತನೆ ಗೆಡ್ಡೆ ಕುಯ್ದಿದ್ದೇನೆ, ಹಾಲು ಕರೆದಿದ್ದೇನೆ. ಆದರೆ ಎಲ್ಲಿ ಏನು ಹಾಕಬೇಕು ಅಂತ ಒಂದು ಗುಂಟೆಗೂ ಹೇಳಿದವಳಲ್ಲ. ಯಾರೂ ಬೇಡ ಅಂದಿರಲಿಲ್ಲ, ನಾನು ಕೇಳಿರಲಿಲ್ಲ, ಅಷ್ಟೇ. ಹೋದ ವರ್ಷದ ಕೊನೆಗೆ, ಗಿಡ ತರಿಸುವ ಮೊದಲು, ಕೇಳಿದೆ. ಬೋರಿನ ಪಕ್ಕದ ಹತ್ತು ಗುಂಟೆ, ಆಲೂಗೆಡ್ಡೆಗೆ ಅಂಗಮಾರಿ ರೋಗ ಬಿದ್ದು ಬಿದ್ದು ಕೊನೆಗೆ ಖಾಲಿ ಬಿಟ್ಟಿದ್ದ ಜಾಗ.

ನಮ್ಮ ಕಡೆ ಗಂಡನ ಅಣ್ಣ, ತಮ್ಮನ ಹೆಂಡತಿ ಎದುರೆದುರು ನಿಂತು ಮಾತಾಡುವುದು ಕಡಿಮೆ. ಒಂದೇ ಪಡಸಾಲೆಯಲ್ಲಿ ಕೂತಿದ್ದರೂ ಭಾವ ನನಗೆ ಹೇಳಬೇಕಾದ್ದನ್ನು ಓರಗಿತ್ತಿಗೆ ಹೇಳುತ್ತಾರೆ. ನಾನೂ ಅವರ ಮೂಲಕವೇ ಉತ್ತರ ಕೊಡುತ್ತೇನೆ. ಅವತ್ತೂ ಹಾಗೇ ಆಯಿತು.

"ಅಲ್ಲಿ ಸೀಮೆಹುಲ್ಲು ನಾಟಿ ಮಾಡವಾ ಅಂತಿದ್ದೆ. ದನಕ್ಕೆ ಮೇವಾಯ್ತದೆ," ಅಂದರು ಭಾವ, ಹೆಂಡತಿಯ ಮುಖ ನೋಡಿಕೊಂಡು.

"ಅಕ್ಕ, ಒಂದ್ಸಲ ನೋಡ್ತೀನಿ ಅಂತ ಹೇಳಿ," ಅಂದೆ ನಾನು, ಅದೇ ಮುಖ ನೋಡಿಕೊಂಡು.

ಭಾವ ಹೇಳಿದರು: "ಬರೋ ಹೊನ್ನಾರಿನೊಳಗೆ ಆ ಸೇಬು ಚಿಗುರಿದ್ರೆ ಅವಳು ಮಾಡ್ಕಳ್ಳಿ. ಇಲ್ದಿದ್ರೆ ಅವತ್ತೇ ಅಲ್ಲಿಗೆ ನೇಗ್ಲು ಬುಡ್ತೀನಿ."

ಯುಗಾದಿಯ ಮಾರನೆಯ ಬೆಳಿಗ್ಗೆ ಎತ್ತು ಕಟ್ಟಿ ವರ್ಷದ ಮೊದಲ ಉಳುಮೆ ಮಾಡುವುದೇ ಹೊನ್ನಾರು. ಈಗ ಉಳುವುದೆಲ್ಲ ಟ್ರಾಕ್ಟರಿನಲ್ಲೇ ಆದರೂ ಅವತ್ತು ಮಾತ್ರ ಯಾರದಾದರೂ ಒಂದು ಜೊತೆ ಎತ್ತು ತಂದು ನಾಲ್ಕು ಸಾಲು ಹೊಡೆಯದೆ ಭಾವ ಕಾಫಿಯನ್ನೂ ಕುಡಿಯುವುದಿಲ್ಲ. ಹೊನ್ನಾರಿನ ಮಾತು ಅಂದರೆ ಅದು ಮಾತೇ. ಸೀಮೆಹುಲ್ಲು ಒಂದು ಸಲ ಬೇರು ಬಿಟ್ಟರೆ ಐದಾರು ವರ್ಷ ಆ ಜಾಗ ಬಿಟ್ಟು ಕದಲುವುದಿಲ್ಲ ಅನ್ನುವುದೂ ನನಗೆ ಗೊತ್ತಿತ್ತು.

ಸೇಬಿನ ಹುಚ್ಚು ಹತ್ತಿಸಿದವರು ಪಕ್ಕದ ಬೀದಿಯ ಮಿಲಿಟರಿಯಣ್ಣ. ಸೈನ್ಯದಲ್ಲಿದ್ದು ನಿವೃತ್ತಿಯಾಗಿ ಬಂದವರು. ಬಿಸಿಲೂರಿಗೆ ಒಗ್ಗುವ ತಳಿಯೂ ಇದೆ ಎಂದು ಹಿಮಾಚಲದ ಕಡೆಯಿಂದ ಒಂದು ಗಿಡ ತರಿಸಿ ಅಂಗಳದಲ್ಲಿ ಹಾಕಿದ್ದರು. ಮೂರನೆಯ ವರ್ಷಕ್ಕೆ ಅದು ಕಾಯಿ ಬಿಟ್ಟಿತು. ಅವರು ಕೊಟ್ಟ ಒಂದು ಹಣ್ಣನ್ನು ನಾನು ಹೊಸಿಲ ಮೇಲೆ ಕೂತು ತಿಂದೆ. ಹುಳಿ ಮುಂದು, ಆದರೆ ಸೇಬೇ. "ಅವನ್ ಗಿಡ ಬಟ್ಟೆ ಒಗ್ದ ನೀರು ಕುಡ್ಕಂಡು ಬಂದದೆ, ಹೊಲದಲ್ಲಿ ಎಲ್ಲಿ ಬಂದಾತು," ಅನ್ನುವುದು ಭಾವನ ವಾದ. ನನ್ನ ಹದಿನೆಂಟು ಗಿಡಗಳನ್ನು ಫೋನ್ ಮಾಡಿ ತರಿಸಿಕೊಟ್ಟವರೂ ಮಿಲಿಟರಿಯಣ್ಣನೇ. ಆದರೆ ಗಿಡ ಬಂದ ದಿನ ಅವರು ಊರಲ್ಲಿರಲಿಲ್ಲ, ನಂಟರ ಮದುವೆಗೆ ಹೊಳೆನರಸೀಪುರಕ್ಕೆ ಹೋಗಿದ್ದರು. ಹಿಂದಿ ಚೀಟಿ ಓದುವವರು ಇಲ್ಲ. ನನ್ನ ಗಂಡ ಅದನ್ನು ಒಂದು ಸಲ ತಲೆಕೆಳಗೆ ಹಿಡಿದು ನೋಡಿ ಗೋಡೆಯ ಮೊಳೆಗೆ ಸಿಕ್ಕಿಸಿದರು.

ಅಲ್ಲಿಂದ ಮುಂದಿನದನ್ನು ನನ್ನ ಕೈಯೇ ಮಾಡಿತು. ತಲೆಯನ್ನು ಕೇಳಲಿಲ್ಲ.

ಆಲೂಗೆಡ್ಡೆ ಬಿತ್ತನೆಯ ತಯಾರಿ ನಮ್ಮಲ್ಲಿ ಹೆಂಗಸರ ಕೆಲಸ. ಗೆಡ್ಡೆಯ ಕಣ್ಣು ನೋಡಿ ಹೋಳು ಮಾಡಬೇಕು, ಒಂದೊಂದು ಹೋಳಿಗೂ ಎರಡು ಕಣ್ಣು ಬರಬೇಕು. ಕುಯ್ದ ಮುಖಕ್ಕೆ ಬೂದಿ ಸವರಿ, ನೆರಳಿನಲ್ಲಿ ಗೋಣಿಯ ಮೇಲೆ ಎರಡು ದಿನ ಹರಡಬೇಕು. ಗಾಯ ಒಣಗಿ ತೆಳ್ಳಗೆ ಸಿಪ್ಪೆ ಕಟ್ಟಿದ ಮೇಲೇ ಹೊಲಕ್ಕೆ. ಹಸಿಗಾಯದಲ್ಲಿ ಹಾಕಿದರೆ ಮಣ್ಣಿನೊಳಗೇ ಕೊಳೆಯುತ್ತದೆ. ಅರಕಲಗೂಡಿನ ತವರಿನಲ್ಲಿ ಅವ್ವ ಕಲಿಸಿದ್ದೂ ಇದೇ, ಇಲ್ಲಿ ಅತ್ತೆ ಮಾಡಿಸಿದ್ದೂ ಇದೇ.

ಸೇಬಿನ ಬೇರುಗಳಲ್ಲಿ ಕೆಲವು ದಾರಿಯಲ್ಲಿ ಮುರಿದಿದ್ದವು. ಕುಡುಗೋಲಿನಿಂದ ತುದಿ ಸವರಿದೆ. ಸವರಿದ ಮೇಲೆ ಗಾಯ. ಗಾಯಕ್ಕೆ ಬೂದಿ. ಬೂದಿಯಾದ ಮೇಲೆ ನೆರಳು. ಗೆಡ್ಡೆ ಇಡುವ ಕೋಣೆಯಲ್ಲಿ ಗೋಣಿ ಹಾಸಿ ಹದಿನೆಂಟನ್ನೂ ಒಂದಕ್ಕೊಂದು ತಾಗದ ಹಾಗೆ ಮಲಗಿಸಿ, ಗಾಳಿಯಾಡಲೆಂದು ಕಿಟಕಿ ತೆಗೆದಿಟ್ಟೆ. ಅಚ್ಚುಕಟ್ಟಾಗಿ ಮಾಡಿದೆನಲ್ಲ ಅಂತ ಸಂತೋಷವೂ ಆಯಿತು. ಎರಡು ದಿನ ಬಿಟ್ಟು ಬೋರಿನ ಪಕ್ಕ ತೋಡಿದ್ದ ಗುಂಡಿಗಳಲ್ಲಿ ನೆಟ್ಟೆ. ಓರಗಿತ್ತಿ ತೆಂಗಿನ ಗುಂಡಿಗೆ ಹಾಕುವ ಹಾಗೆ ಒಂದೊಂದು ಹಿಡಿ ಉಪ್ಪು ಹಾಕು ಅಂತ ಬಟ್ಟಲು ಹಿಡಿದೇ ಬಂದಿದ್ದರು. ಉಪ್ಪಿಗೆ ಮಾತ್ರ ಬೇಡ ಅಂದೆ, ಅಷ್ಟು ಬುದ್ಧಿ ಇತ್ತು.

ಮಾರನೆಯ ದಿನ ಮಿಲಿಟರಿಯಣ್ಣ ಬಂದರು. ಮೊಳೆಯಿಂದ ಚೀಟಿ ತೆಗೆದು ಕನ್ನಡಕ ಹಾಕಿಕೊಂಡು ಓದಿದರು.

"ಮೊದಲ್ನೇದು, ಬೇರು ಒಂದು ಗಳಿಗೇನೂ ಒಣಗ್ಬಾರ್ದು. ಎರಡ್ನೇದು, ಬಿಚ್ಚಿದ ತಕ್ಷಣ ನೀರಲ್ಲಿ ನೆನೆಸಿ, ಆಮೇಲೆ ನೆಡಿ. ನೆನೆಸಿದ್ಯಾ ತಂಗ್ಯಮ್ಮ?"

ನಾನು ಹೇಳಿದೆ. ಬೂದಿಯನ್ನೂ ಹೇಳಿದೆ, ಕಿಟಕಿ ತೆಗೆದಿಟ್ಟಿದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದರು.

"ಮೀನ ನೀರಿಂದ ತೆಗ್ದು ಒರೆಸಿ ಮಡಗ್ದಂಗೆ ಆಯ್ತಲ್ಲವ್ವಾ."

"ಬದುಕಲ್ವಾ?"

"ಕೆಲವು ಬದುಕ್ಬೋದು. ಲೇಟಾಯ್ತದೆ. ನೀರು ಕೊಡು, ಆದ್ರೆ ನಿಲ್ಲಿಸ್ಬ್ಯಾಡ. ಮೇಲೆ ಹುಲ್ಲು ಮುಚ್ಚು."

"ಅಣ್ಣಾ, ಇದನ್ನ ಮನೇಲಿ ಹೇಳ್ಬ್ಯಾಡಿ."

"ನಾನ್ಯಾಕೆ ಹೇಳ್ಲಿ? ಸೀಕ್ರೆಟ್ಟು ಅಂದ್ರೆ ಸೀಕ್ರೆಟ್ಟು," ಅಂದು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೇ ಹಾಕಿಕೊಂಡರು.

ಫೆಬ್ರವರಿಯೆಲ್ಲ ಕಾಯುವುದೇ ಆಯಿತು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬರುವಾಗ ಬೋರಿನ ದಾರಿ ಹಿಡಿದು ಒಂದು ಸುತ್ತು. ಕೋಲಿನ ಮೇಲೆ ಕಣ್ಣುಗಳಿದ್ದವು, ಕಂದು ಬಣ್ಣದವು, ತೊಗಟೆಗೆ ಒತ್ತಿಕೊಂಡು ಕೂತವು. ದಿನಾ ನೋಡಿದರೆ ಯಾವುದೂ ಬೆಳೆದ ಹಾಗೆ ಕಾಣುವುದಿಲ್ಲ ಎಂದು ಎರಡು ದಿನ ನೋಡದೆ ಬಿಟ್ಟು ಮೂರನೆಯ ದಿನ ಹೋದೆ. ಆಗಲೂ ಬೆಳೆದಿರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ "ಇಲ್ಲ" ಅಂತ ಬರೆಯುತ್ತ ಬಂದೆ. ಓರಗಿತ್ತಿ ಅದನ್ನು ನೋಡಿ, "ಗ್ಯಾಸ್ ಬಂದಿಲ್ಲ ಅಂತ ದಿನಾ ಬರೀತೀಯಾ? ಮೊನ್ನೆ ಬಂತಲ್ಲ," ಅಂದರು.

ಸುತ್ತಲ ಮರಗಳಿಗೆ ಇದ್ಯಾವುದರ ಗೊಡವೆಯೂ ಇರಲಿಲ್ಲ. ಬೇಲಿಯ ಹೊಂಗೆ ಎಲೆ ಉದುರಿಸಿ ವಾರದಲ್ಲಿ ಹೊಸ ಎಲೆ ಹೊತ್ತು ನಿಂತಿತು, ಮಿಣಮಿಣ ಅನ್ನುವ ಎಳೆ ಹಸಿರು. ಮಾವು ಹೂ ಮುಗಿಸಿ ಮಿಡಿ ಕಟ್ಟಿತು. ಬೇಲಿಗೆಂದು ಕಡಿದು ಹುಗಿದಿದ್ದ ಗೊಬ್ಬರದ ಗಿಡದ ಗೂಟ ಕೂಡ, ಯಾರೂ ನೀರು ಹಾಕದಿದ್ದರೂ, ತುದಿಯಲ್ಲಿ ಜುಟ್ಟು ಬಿಟ್ಟಿತು. ಮಿಲಿಟರಿಯಣ್ಣನ ಅಂಗಳದ ಮರವೂ ಹೂವಿಗೆ ಬಂತು. ನನ್ನ ಹದಿನೆಂಟು ಮಾತ್ರ ಹಾಗೇ ನಿಂತಿದ್ದವು.

ಮಾರ್ಚಿನ ಮೊದಲ ವಾರ ಒಂದು ಬೆಳಿಗ್ಗೆ, ಮೂರನೆಯ ಸಾಲಿನ ಕೊನೆಯ ಗಿಡದ ಬುಡದಲ್ಲಿ ಹಸಿರು ಕಂಡಿತು. ಹತ್ತಿರ ಹೋಗಿ ಕೂತೆ. ಹೌದು, ನಾಲ್ಕು ಎಲೆ, ಬೆರಳಿನುದ್ದದ ಚಿಗುರು. ಹಾಲಿನ ಕ್ಯಾನನ್ನು ಅಲ್ಲೇ ಬಿಟ್ಟು ಮಿಲಿಟರಿಯಣ್ಣನ ಮನೆಗೆ ಹೋದೆ. ಅವರು ಬಂದು ನೋಡಿ ಗಿಡದ ಬುಡದಲ್ಲಿದ್ದ ಒಂದು ಗಂಟನ್ನು ಬೆರಳಲ್ಲಿ ತೋರಿಸಿದರು.

"ಇದು ಕಸಿ ಗಂಟು. ಮೇಲಿರದು ಸೇಬು. ಕೆಳಗಿರದು ಕಾಡು ಜಾತಿ, ಬರೀ ಬೇರಿಗೆ ಅಂತ ಇರದು. ಚಿಗುರು ಬಂದಿರದು ಗಂಟಿನ ಕೆಳಗೆ. ಇದನ್ನ ಬುಟ್ರೆ ಮೇಲಿಂದು ಏಳಲ್ಲ. ಕಿತ್ತಾಕು."

"ಬಂದಿರದೇ ಇದೊಂದು ಅಣ್ಣ."

"ಅದ್ಕೇ ಹೇಳ್ತಿರದು, ಕಿತ್ತಾಕು ಅಂತ. ಬೇರು ಜೀವಂತ ಅದೆ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು."

ಅವರು ಹೋದ ಮೇಲೆ ಒಂದಿಷ್ಟು ಹೊತ್ತು ಕೂತಿದ್ದೆ. ಗಡುವು ನೆನಪಾಯಿತು. ಚಿಗುರಬೇಕು ಅಂದಿದ್ದರೇ ಹೊರತು ಗಂಟಿನ ಮೇಲೋ ಕೆಳಗೋ ಅಂತ ಭಾವ ಹೇಳಿರಲಿಲ್ಲ. ಇದನ್ನು ಹೊನ್ನಾರಿನವರೆಗೆ ಹಾಗೇ ಬಿಟ್ಟು ತೋರಿಸಿದರೆ ಜಾಗ ಉಳಿಯುತ್ತದೆ, ಗಿಡ ಹೋಗುತ್ತದೆ. ಹೆಬ್ಬೆರಳಿನಿಂದ ಒತ್ತಿ ಬುಡ ಸಮೇತ ತೆಗೆದೆ. ಆ ಹೊತ್ತಿಗೇ ಭಾವ ಹಸುವನ್ನು ಹಿಡಿದುಕೊಂಡು ಬದುವಿನ ಮೇಲೆ ಬರಬೇಕೆ? ನಿಂತು ನೋಡಿದರು. ಆಮೇಲೆ ಹಸುವಿಗೆ ಹೇಳಿದರು:

"ನೋಡ್ದಾ ಗೌರಿ, ಎಲ್ಡು ತಿಂಗ್ಳು ಕಾದು ಬಂದಿದ್ದೊಂದು ಚಿಗುರ್ನೂ ಕಿತ್ತಾಕ್ತಾವ್ರೆ. ನಿಂಗೆ ಹುಲ್ಲಿಗೇನೂ ಮೋಸ ಇಲ್ಲ ಬುಡು."

ಉತ್ತರ ಕೊಡಲು ಓರಗಿತ್ತಿಯೂ ಅಲ್ಲಿರಲಿಲ್ಲ. ಹಸುವಿನ ಮೂಲಕ ಹೇಳಿ ಕಳಿಸುವಷ್ಟು ಸಲಿಗೆ ನನಗೆ ಅದರ ಹತ್ತಿರ ಇರಲಿಲ್ಲ.

ಯುಗಾದಿಯ ಬೆಳಿಗ್ಗೆ ಎಣ್ಣೆ ನೀರು ಮುಗಿಸಿ, ಕಡಲೆಬೇಳೆ ಬೇಯಲಿಟ್ಟು ಬೋರಿನ ಕಡೆ ಹೋದೆ. ಕ್ಯಾಲೆಂಡರಿನ ತುಂಬ "ಇಲ್ಲ" ತುಂಬಿತ್ತು. ಅವತ್ತು ಉಗುರಿನಿಂದ ಒಂದೊಂದು ಗಿಡದ ತೊಗಟೆಯನ್ನೂ ಸಣ್ಣಗೆ ಕೆರೆದು ನೋಡಿದೆ. ಅಲ್ಲಿಯವರೆಗೆ ಹಾಗೆ ಮಾಡಲು ಧೈರ್ಯ ಬಂದಿರಲಿಲ್ಲ. ಒಳಗೆ ಹಸಿರಿದ್ದರೆ ಜೀವ, ಕಂದಿದ್ದರೆ ಇಲ್ಲ. ಹನ್ನೊಂದು ಕಂದು. ಏಳು ಹಸಿರು. ಆ ಏಳರಲ್ಲೂ ಎಲೆ ಬಿಚ್ಚಿದ್ದು ಒಂದೂ ಇಲ್ಲ. ಎರಡರಲ್ಲಿ ಮಾತ್ರ ಕಣ್ಣು ಉಬ್ಬಿ ತುದಿ ಒಡೆದು, ಅಕ್ಕಿಕಾಳಿನ ಮೂತಿಯಷ್ಟು ಬೂದುಹಸಿರು ಕಾಣುತ್ತಿತ್ತು. ತೋರಿಸಿದರೆ ಕಾಣಬಹುದು, ತಾನಾಗಿ ಯಾರಿಗೂ ಕಾಣದು.

ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿದ್ದೆವು. ಭಾವ ಕಂಬಕ್ಕೆ ಒರಗಿ ಹೆಂಡತಿಗೆ ಹೇಳಿದರು:

"ನಿನ್ ತಂಗಿಗೆ ಹೇಳು, ಬೇಜಾರ್ ಮಾಡ್ಕಬ್ಯಾಡ ಅಂತ. ಅವಳ್ದೇನೂ ತಪ್ಪಿಲ್ಲ. ದಿನಾ ನೀರು ಹೊತ್ತವಳೆ, ನಾನೇ ನೋಡಿವ್ನಿ. ನಮ್ ಮಣ್ಣಿಗೆ, ನಮ್ ಹವಕ್ಕೆ ಒಗ್ಗಲ್ಲ ಅದು. ಬೆಟ್ಟದ್ ಗಿಡ ಬೆಟ್ಟದಲ್ಲೇ ಇರ್ಬೇಕು. ನಾಳೆ ಹೊನ್ನಾರು ಅಲ್ಲಿಂದ್ಲೇ ಸುರು ಮಾಡ್ತೀನಿ."

ಅವರು ಕೊಂಕಾಗಿ ಹೇಳಲಿಲ್ಲ, ಸಮಾಧಾನಕ್ಕೇ ಹೇಳಿದರು. ನಾನು ತಲೆಯಾಡಿಸಿ ಸುಮ್ಮನಿದ್ದರೆ ಯಾರೂ ಮುಂದೆ ಆ ಮಾತೆತ್ತುತ್ತಿರಲಿಲ್ಲ. ನನ್ನ ಮಾನ ಉಳಿಯುತ್ತಿತ್ತು. ಆದರೆ ಮಣ್ಣು ಸರಿಯಿಲ್ಲ ಅಂತ ಒಂದು ಸಲ ತೀರ್ಮಾನವಾದರೆ ನಮ್ಮ ಮನೆಯಲ್ಲಿ ಆ ಜಾಗಕ್ಕೆ ಇನ್ನೊಂದು ಗಿಡ ಬರುವುದಿಲ್ಲ, ನಾನು ಇನ್ನೊಂದು ಸಲ ಕೇಳುವುದೂ ಇಲ್ಲ.

"ಅಕ್ಕ," ಅಂದೆ, "ಮಣ್ಣಿಂದೇನೂ ತಪ್ಪಿಲ್ಲ. ಹವದ್ದೂ ಇಲ್ಲ. ನಂದು."

ಓರಗಿತ್ತಿ ನನ್ನ ಕಡೆ ತಿರುಗಿದರು. ಭಾವನೂ ಇತ್ತ ನೋಡಿದರು.

"ಬೇರಿಗೆ ಬೂದಿ ಸವರಿ ಗೆಡ್ಡೆ ಕೋಣೇಲಿ ಎಲ್ಡು ದಿನ ಆರಾಕಿದ್ದೆ. ಒಣಗಿಸ್ಬಾರ್ದಂತೆ. ಚೀಟೀಲಿ ಬರ್ದಿತ್ತಂತೆ. ನೆಟ್ಟ ಮೇಲೆ ಗೊತ್ತಾಯ್ತು."

ಮೊದಲು ನಕ್ಕವರು ನನ್ನ ಗಂಡ. "ಬೂದಿನಾ? ಅಷ್ಟು ದೂರದಿಂದ ಪಾಚೀಲಿ ಸುತ್ತಿ ಕಳ್ಸವ್ರೆ, ನೀನು ಒಣಗಿಸ್ಬುಟ್ಯಾ?"

"ಅಯ್ಯೋ ನನ್ ಕೂಸೆ, ಆಲೂಗೆಡ್ಡೆ ಅನ್ಕಂಡ್ಯಾ?" ಓರಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ನಾನ್ ಹೇಳ್ದಂಗೆ ಉಪ್ಪಾಕಿದ್ರೆ ಉಪ್ಪಿನಕಾಯೇ ಆಗಿರದು!"

ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಭಾವ ನಗಲಿಲ್ಲ. ಕಂಬ ಬಿಟ್ಟು ನೆಟ್ಟಗೆ ಕೂತು ನೇರವಾಗಿ ನನ್ನನ್ನೇ ಕೇಳಿದರು:

"ಗೋಣಿ ಮ್ಯಾಲೆ ಹರಡಿದ್ಯಾ?"

"ಊಂ."

"ಕಿಟ್ಕಿ ತೆಗ್ದು?"

"ಊಂ."

"ಎಷ್ಟು ಉಳ್ದವೆ?"

"ಏಳು ಹಸಿರವೆ. ಎಲೆ ಬಂದಿಲ್ಲ."

ಅವರು ಬಾಯೊಳಗೇ ಏನೋ ಲೆಕ್ಕ ಹಾಕಿದ ಹಾಗಿತ್ತು. ಆಮೇಲೆ ತಮ್ಮನ ಕಡೆ ತಿರುಗಿ ಗದರಿದರು: "ಏನ್ಲಾ ಕಿಸೀತಿಯಾ? ನಾನಾಗಿದ್ರೂ ಅಂಗೇ ಮಾಡ್ತಿದ್ದೆ. ಹಸಿಗಾಯದಲ್ಲಿ ಯಾವನ್ಲಾ ಮಣ್ಣಿಗಿಕ್ತಾನೆ?" ಟವೆಲ್ ಕೊಡವಿ ಎದ್ದು ಹೊರಗೆ ಹೋದರು. ಜಾಗದ ಮಾತನ್ನು ಮಾತ್ರ ಆಡಲಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಹನ್ನೊಂದು ಒಣ ಕೋಲನ್ನೂ ಕಿತ್ತೆ. ಎತ್ತಿನ ಕಾಲಿಗೆ ಸಿಕ್ಕಿ ಮುರಿಯುವುದಕ್ಕಿಂತ ನಾನೇ ಕೀಳುವುದು ಮೇಲು ಅನ್ನಿಸಿತು. ಕಿತ್ತ ಮೇಲೆ ನೋಡಿದರೆ ಉಳಿದ ಏಳು ಒಂದು ಸಾಲಿನಲ್ಲೂ ಇರಲಿಲ್ಲ. ಒಂದು ಇಲ್ಲಿ, ಎರಡು ಅಲ್ಲಿ, ಒಂದು ಮೂಲೆಯಲ್ಲಿ. ಒಂದೊಂದಕ್ಕೂ ಗುರುತಿಗೆ ಹಳೇ ಸೀರೆಯ ಕೆಂಪು ಅಂಚನ್ನು ಕಟ್ಟಿದೆ. ಉಳಿಸಿ ಅಂತ ಕೇಳಲು ಬಾಯಿ ಬರುತ್ತಿರಲಿಲ್ಲ. ಕಟ್ಟಿದ್ದನ್ನು ನೋಡಿದರೆ ಅವರಿಗೇ ತಿಳಿಯುತ್ತದೆ.

ಭಾವ ಒಂದು ಜೊತೆ ಎತ್ತು ಹೊಡೆದುಕೊಂಡು ಬಂದರು. ಓರಗಿತ್ತಿ ಎತ್ತಿಗೆ, ನೇಗಿಲಿಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದರು. ನಾನು ತಟ್ಟೆ ಹಿಡಿದು ಬದುವಿನ ಮೇಲೆ ನಿಂತೆ. ಹೇಳಿದ ಹಾಗೆ ಭಾವ ಅಲ್ಲಿಂದಲೇ ಶುರು ಮಾಡಿದರು. ನೇಗಿಲು ಊರಿ ಪೂರ್ವಕ್ಕೆ ಮುಖ ಮಾಡಿ ಎತ್ತನ್ನು ಬಿಟ್ಟರು. ಮೊದಲ ಕೆಂಪು ಅಂಚಿಗೆ ಮೂರು ಮಾರು ಇರುವಾಗ ಎತ್ತನ್ನು ಎಡಕ್ಕೆ ಎಳೆದರು. ಸಾಲು ಗಿಡವನ್ನು ಬಳಸಿಕೊಂಡು ಹೋಗಿ ಆಚೆ ಮತ್ತೆ ನೆಟ್ಟಗಾಯಿತು. ಎರಡನೆಯದಕ್ಕೆ ಜಾಗ ಸಾಲದೆ ನೇಗಿಲನ್ನೇ ಎತ್ತಿ ದಾಟಿಸಿದರು.

ಬದುವಿನ ಮೇಲೆ ಬಂದು ನಿಂತಿದ್ದ ಮಿಲಿಟರಿಯಣ್ಣ ಕೂಗಿದರು: "ಏನ್ ಗೌಡ್ರೆ, ಹೊನ್ನಾರು ಹಾವು ಹೋದಂಗೆ ಹೋಗ್ತಾ ಅದೆ?"

"ಸುಮ್ಕಿರಯ್ಯಾ! ಕಡ್ಡಿ ತರ್ಸಿದವ್ನು ನೀನು, ಸೊಂಟ ನೋವು ನಂಗೆ!" ಅಂದರು ಭಾವ. ಮೂರನೆಯ ಸಾಲು ಮುಗಿಸಿ ತಿರುಗುವಾಗ ಹೆಂಡತಿಗೆ ಹೇಳಿದರು, "ಮಧ್ಯದಲ್ಲಿ ಅಲಸಂದೆ ಹಾಕ್ಕಳ್ಳಕ್ಕೆ ಹೇಳು. ಮಣ್ಣು ಬರೀದಾಗಿ ಬಿಡ್ಬಾರ್ದು. ಹುಲ್ಲು ಕೆರೆ ಕಡೆ ಹಾಕ್ತೀನಿ."

ಓರಗಿತ್ತಿ ಪಕ್ಕದಲ್ಲೇ ನಿಂತಿದ್ದ ನನಗೆ ಅದನ್ನು ಮತ್ತೊಮ್ಮೆ ಹೇಳಿದರು. ನಾನು ಆಗಲಿ ಅಂದೆ.

ಎಲೆ ಬಿಚ್ಚಿದ್ದು ಹೊನ್ನಾರಾದ ಒಂಬತ್ತನೆಯ ದಿನ. ಮೊದಲು ಎರಡು ಗಿಡ, ವಾರದಲ್ಲಿ ಇನ್ನು ನಾಲ್ಕು. ಎಳೆಯ ಎಲೆಯ ಹಿಂಭಾಗ ಬೆಳ್ಳಗೆ, ಮುಟ್ಟಿದರೆ ಕಂಬಳಿಯ ನೂಲಿನ ಹಾಗೆ. ಏಳನೆಯದು ಎರಡು ಎಲೆ ತೋರಿಸಿ ಏಪ್ರಿಲ್ ಬಿಸಿಲಿಗೆ ಹೋಯಿತು. ಆರು ಉಳಿದಿವೆ, ಈಗ ನನ್ನ ಮೊಣಕಾಲಿನಿಂದ ಸೊಂಟದವರೆಗಿನ ಎತ್ತರ, ಒಂದೊಂದು ಒಂದೊಂದು ಥರ. ಹನ್ನೆರಡು ಗುಂಡಿ ಖಾಲಿ ಇವೆ.

ಮುಂದಿನ ಜನವರಿಗೆ ಗಿಡ ಬೇಕೆಂದು ಮಿಲಿಟರಿಯಣ್ಣನಿಗೆ ಹೇಳಿ ಬಂದವರು ಭಾವ. ಎಷ್ಟು ಬೇಕು ಅಂತ ಓರಗಿತ್ತಿಯ ಕೈಲಿ ನನ್ನನ್ನು ಕೇಳಿಸಲಿಲ್ಲ. ಇಪ್ಪತ್ತು ಅಂದಿದ್ದಾರಂತೆ. ಮಿಕ್ಕ ಎಂಟನ್ನು ಎಲ್ಲಿ ನೆಡುವ ಯೋಚನೆಯೋ, ನಾನೂ ಇನ್ನೂ ಕೇಳಿಸಿಲ್ಲ.